ತೊಡೆಯ ಚರ್ಮ ಕಾಲಿಗೆ ಬಂತು, ಮುಂದೆ?

ಹಿಂದಿನ ಸಂಚಿಕೆಯಲ್ಲಿ ವಾಸಿಯಾಗದ ಕಾಲಿನ ಹುಣ್ಣುಗಳ ಬಗ್ಗೆ ಬರೆಯುತ್ತಾ, ದೊಡ್ಡ ಗಾಯವಾದರೆ ಚರ್ಮ ಕಸಿ ಬೇಕಾಗಬಹುದು ಅಂತ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಇಡೀ ಲೇಖನಕ್ಕೆ ಬರಲಿಲ್ಲ. ಬಹುತೇಕರು ಕೇಳಿದ್ದು ಆಪರೇಷನ್ ಬಗ್ಗೆ ಅಲ್ಲ, ಮನೆಗೆ ಬಂದ ಮೇಲಿನ ದಿನಗಳ ಬಗ್ಗೆ. ನಮ್ಮದೂ ತಪ್ಪಿದೆ ಬಿಡಿ. ಡಿಸ್ಚಾರ್ಜ್ ಕಾರ್ಡಿನಲ್ಲಿ 'ಲಿಂಬ್ ಎಲಿವೇಷನ್' ಅಂತ ಗೀಚಿ ಕೈಗೆ ಕೊಡುತ್ತೇವೆ, ಹಾಗಂದ್ರೆ ಏನು ಅಂತ ಬಿಡಿಸಿ ಹೇಳಲು ಓಪಿಡಿಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಮೊಣಕಾಲಿನಿಂದ ಕೆಳಗಿನ ಚರ್ಮ ಕಸಿಗೆ. ಹೆಸರುಗಳನ್ನು ಬಿಟ್ಟಿದ್ದೇನೆ, ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ಡಾಕ್ಟರೇ, ನಮ್ಮ ಅಮ್ಮನಿಗೆ 58 ವರ್ಷ. ಟ್ರ್ಯಾಕ್ಟರ್ ಟ್ರೇಲರ್ ತಾಗಿ ಬಲಗಾಲಿನ ಚರ್ಮ ಮೊಣಕಾಲಿನ ಕೆಳಗೆ ಸುಲಿದು ಹೋಗಿತ್ತು. ಪುಣ್ಯಕ್ಕೆ ಮೂಳೆ ಮುರಿದಿಲ್ಲ. ತೊಡೆಯ ಚರ್ಮ ತೆಗೆದು ಹಾಕಿದರು, ಚೆನ್ನಾಗಿ ಹಿಡಿದಿದೆ ಅಂತ ಹೇಳಿ ಮನೆಗೆ ಕಳಿಸಿದರು. ಆದರೆ ಕಾಲು ಕೆಳಗೆ ಬಿಟ್ಟ ತಕ್ಷಣ ಆ ಜಾಗ ಕಡು ನೇರಳೆ ಆಗುತ್ತದೆ. ನಿನ್ನೆ ಎರಡು ಕಡೆ ರಕ್ತ ಜಿನುಗಿತು. ಪಕ್ಕದ ಮನೆಯವರು ಬಂದು ನೋಡಿ, ಕಸಿ ಕೆಟ್ಟಿದೆ, ಇನ್ನು ಕಾಲೇ ತೆಗೀಬೇಕಾಗುತ್ತೆ ಅಂದುಬಿಟ್ಟರು. ಅಮ್ಮ ಆವತ್ತಿನಿಂದ ಊಟ ಬಿಟ್ಟಿದ್ದಾರೆ. (ಹಾವೇರಿ ಜಿಲ್ಲೆ)

ಉತ್ತರ: ಅಮ್ಮನಿಗೆ ಮೊದಲು ಊಟ ಹಾಕಿ. ಕಾಲು ಇಳಿಬಿಟ್ಟಾಗ ನೇರಳೆ, ಮೇಲಿಟ್ಟ ಸ್ವಲ್ಪ ಹೊತ್ತಿಗೆ ಮತ್ತೆ ಗುಲಾಬಿ ಬಣ್ಣ. ಹೊಸ ಕಸಿಯಲ್ಲಿ ಇದು ಆಗುವುದೇ ಹಾಗೆ. ಕೆಟ್ಟಿರುವ ಕಸಿ ಬಣ್ಣ ಬದಲಾಯಿಸುತ್ತಾ ಕೂರುವುದಿಲ್ಲ, ಅದು ಕಪ್ಪಾಗಿ ಅಥವಾ ಬೂದು ಬಿಳಿಯಾಗಿ ಹಾಗೇ ಉಳಿಯುತ್ತದೆ.

ಹಾಗಂತ ಸುಮ್ನೆ ಬಿಡುವ ವಿಷಯವೂ ಅಲ್ಲ. ನಾವು ಅಲ್ಲಾಡದೆ ನಿಂತಾಗ ಹೃದಯದಿಂದ ಕೆಳಗಿರುವ ರಕ್ತದ ಭಾರವೆಲ್ಲ ಹರಡಿನ (ಪಾದದ ಕೀಲಿನ) ಹತ್ತಿರದ ಸಿರೆಗಳ ಮೇಲೆ ಕೂರುತ್ತದೆ. ಅಲ್ಲಿನ ಒತ್ತಡ ಮಲಗಿದಾಗ 10 ಮಿ.ಮೀ. ಪಾದರಸದ ಆಸುಪಾಸು ಇದ್ದರೆ ನಿಂತಾಗ ಸುಮಾರು 90ಕ್ಕೆ ಏರುತ್ತದೆ. ನಡೆಯತೊಡಗಿದರೆ ಪ್ರತಿ ಹೆಜ್ಜೆಗೂ ಮೀನಖಂಡ ರಕ್ತವನ್ನು ಮೇಲಕ್ಕೆ ಹಿಂಡುವುದರಿಂದ 30ರ ಹತ್ತಿರಕ್ಕೆ ಇಳಿಯುತ್ತದೆ. ಮೊದಲಿನಿಂದ ಇರುವ ಚರ್ಮ ಇದನ್ನೆಲ್ಲ ತಡೆದುಕೊಂಡು ಅಭ್ಯಾಸವಾಗಿದೆ. ಅಮ್ಮನ ಕಾಲಿಗೆ ಈಗ ಬಂದಿರುವುದು ತೊಡೆಯ ಚರ್ಮದ ಮೇಲ್ಪದರ, ಹೆಚ್ಚೆಂದರೆ ಅರ್ಧ ಮಿಲಿಮೀಟರ್ ದಪ್ಪ ಇರುತ್ತದೆ, ಸಾಮಾನ್ಯವಾಗಿ ಅದಕ್ಕಿಂತ ಕಮ್ಮಿ. ಅದರೊಳಗಿನ ರಕ್ತನಾಳಗಳು ಹುಟ್ಟಿ ಕೆಲವೇ ದಿನ ಆಗಿದೆ, ಸುತ್ತ ಆಸರೆ ಇಲ್ಲ. ಒತ್ತಡ ಏರಿದರೆ ಉಬ್ಬುತ್ತವೆ, ಕೆಲವು ಒಡೆಯುತ್ತವೆ. ನೀವು ನೋಡಿದ ರಕ್ತ ಅದೇ. ಒಡೆದ ರಕ್ತ ಕಸಿಯ ಕೆಳಗೆ ಹೆಪ್ಪುಗಟ್ಟಿದರೆ ಅಷ್ಟು ಜಾಗದ ಚರ್ಮ ಎದ್ದು ಬರಬಹುದು. ಇದೇ ಕಸಿಯನ್ನು ಬೆನ್ನಿಗೋ ಕೈಗೋ ಹಾಕಿದ್ದರೆ ಇಷ್ಟು ಪೇಚಾಟ ಇರುವುದಿಲ್ಲ. ಕಾಲಿನ ಕಸಿಯ ಕಷ್ಟವೆಲ್ಲ ಅದು ಕೆಳಗಿದೆ ಅನ್ನುವುದರಲ್ಲೇ ಇದೆ.

ಆದ್ದರಿಂದ ನಿಯಮ ಒಂದೇ: ಬ್ಯಾಂಡೇಜ್ ಸುತ್ತದೆ ಕಾಲು ಮಂಚದಿಂದ ಕೆಳಗಿಳಿಯಬಾರದು. ಬೆಳಗ್ಗೆ ಎದ್ದು, ಬಚ್ಚಲಿಗೆ ಹೋಗಿ ಬಂದು, ಕಾಫಿ ಕುಡಿದು ಆಮೇಲೆ ಸುತ್ತಿಕೊಳ್ಳುವುದಲ್ಲ. ಮಲಗಿದಲ್ಲೇ, ಕಾಲು ಮೇಲಿರುವಾಗಲೇ ಸುತ್ತಬೇಕು.

ಸುತ್ತುವ ರೀತಿ ಹೇಳುತ್ತೇನೆ, ಯಾಕೆಂದರೆ ಬಹಳ ಮನೆಗಳಲ್ಲಿ ಗಾಯ ಇರುವಷ್ಟು ಜಾಗಕ್ಕೆ ಮಾತ್ರ ಸುತ್ತಿರುತ್ತಾರೆ. ಹಾಗೆ ಮಾಡಿದರೆ ಪಾದ ಊದಿಕೊಳ್ಳುತ್ತದೆ, ಉಪಯೋಗಕ್ಕಿಂತ ತೊಂದರೆಯೇ ಜಾಸ್ತಿ. ಕಸಿಯ ಮೇಲೆ ಡಾಕ್ಟರ್ ಹೇಳಿದ ಅಂಟದ ಡ್ರೆಸ್ಸಿಂಗ್, ಅದರ ಮೇಲೆ ಹತ್ತಿಯ ಪ್ಯಾಡ್, ಅದರ ಮೇಲೆ ಕ್ರೇಪ್ ಬ್ಯಾಂಡೇಜ್. ಕ್ರೇಪ್ ನಾಲ್ಕು ಇಂಚಿನದೋ ಆರು ಇಂಚಿನದೋ ಇರಲಿ. ಕಾಲ್ಬೆರಳುಗಳ ಬುಡದಿಂದ ಶುರು ಮಾಡಿ, ಹಿಮ್ಮಡಿಯನ್ನೂ ಒಳಗೆ ಸೇರಿಸಿಕೊಂಡು, ಹರಡಿನ ಹತ್ತಿರ ಎಂಟು ಅಂಕಿಯಂತೆ ತಿರುಗಿಸಿ, ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚುವಂತೆ ಮೊಣಕಾಲಿನ ಕೆಳಗಿನವರೆಗೆ ತನ್ನಿ. ಪಾದದಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲ. ತಿರುಗುಮುರುಗು ಆಗಬಾರದು. ಬೆರಳ ತುದಿ ಕಾಣುತ್ತಿರಲಿ. ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ತಕ್ಷಣ ಬಿಚ್ಚಿ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರೆ, ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ ಅನ್ನುವ ದೂರು ಮೊದಲಿನಿಂದ ಇದ್ದರೆ, ಬಿಗಿ ಬ್ಯಾಂಡೇಜ್ ಹಾಕುವ ಮೊದಲು ಪಾದದ ನಾಡಿಯನ್ನು ಡಾಕ್ಟರ್ ಹತ್ತಿರ ನೋಡಿಸಲೇಬೇಕು. ಕಾಲಿಗೆ ರಕ್ತ ತರುವ ಅಪಧಮನಿಯೇ ಕಟ್ಟಿದ್ದರೆ ಈ ಬ್ಯಾಂಡೇಜ್ ಕಾಲಿಗೆ ಅಪಾಯ.

ಇನ್ನು 'ಎಲಿವೇಷನ್'. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಲನ್ನು ಸ್ಟೂಲಿನ ಮೇಲೆ ಇಟ್ಟರೆ ಅದು ಅರೆಬರೆ ಎಲಿವೇಷನ್. ಪಾದ ಎದೆಗಿಂತ ಮೇಲಿರಬೇಕು, ಅಂದರೆ ಮಲಗಲೇಬೇಕು. ಮಂಚದ ಕಾಲುಕಡೆಯ ಎರಡು ಕಾಲಿನ ಕೆಳಗೆ ಇಟ್ಟಿಗೆ ಕೊಡುವುದು ಎಲ್ಲಕ್ಕಿಂತ ಸುಲಭ. ದಿಂಬು ರಾತ್ರಿ ಜಾರಿ ಬೀಳುತ್ತದೆ, ಇಟ್ಟಿಗೆ ಬೀಳುವುದಿಲ್ಲ. ದಿಂಬೇ ಇಡುವುದಾದರೆ ಮೀನಖಂಡದ ಉದ್ದಕ್ಕೂ ಆಸರೆ ಸಿಗುವಂತೆ ಇಡಿ. ಬರೀ ಹಿಮ್ಮಡಿಯ ಕೆಳಗೆ ಇಟ್ಟರೆ ಹಿಮ್ಮಡಿಯಲ್ಲಿ ಇನ್ನೊಂದು ಹುಣ್ಣು ಗ್ಯಾರಂಟಿ.

ರಕ್ತ ಜಿನುಗಿದ ಆ ಎರಡು ಜಾಗವನ್ನು ಮಾತ್ರ ಈ ವಾರವೇ ಆಸ್ಪತ್ರೆಯಲ್ಲಿ ತೋರಿಸಿ. ಕೆಳಗೆ ರಕ್ತ ನಿಂತಿದ್ದರೆ ಸಣ್ಣ ಕೊಯ್ತ ಹಾಕಿ ಹೊರಗೆ ಬಿಡುತ್ತಾರೆ. ಎರಡು ನಿಮಿಷದ ಕೆಲಸ.

ಪ್ರಶ್ನೆ: ನನಗೂ ನನ್ನ ಭಾವನಿಗೂ ಒಂದೇ ತಿಂಗಳಲ್ಲಿ ಕಾಲಿಗೆ ಸ್ಕಿನ್ ಗ್ರಾಫ್ಟ್ ಆಯಿತು, ಬೇರೆ ಬೇರೆ ಆಸ್ಪತ್ರೆ. ಅವನನ್ನು ಮಾರನೇ ದಿನವೇ ನಡೆಸಿದರು. ನನ್ನನ್ನು ವಾರ ಪೂರ್ತಿ ಹಾಸಿಗೆಗೆ ಕಟ್ಟಿ ಹಾಕಿದಂತೆ ಇಟ್ಟರು, ಬೆಡ್‌ಪ್ಯಾನೇ ಗತಿ. ಇಬ್ಬರದ್ದೂ ಹಿಡಿದಿದೆ. ನನ್ನ ವಾರ ದಂಡ ಆಯಿತಾ? (ಮಂಡ್ಯ)

ಉತ್ತರ: ಹಳೇ ಪಾಠ ಅಂದರೆ ಐದರಿಂದ ಏಳು ದಿನ ಹಾಸಿಗೆ, ಆಮೇಲೆ ಕಾಲನ್ನು ಐದೈದು ನಿಮಿಷ ಇಳಿಬಿಟ್ಟು ಅಭ್ಯಾಸ ಮಾಡಿಸುವುದು. ನಾನು ಕಲಿತದ್ದೂ ಅದನ್ನೇ. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಹೋಲಿಸಿ ನೋಡಿದಾಗ, ಗಟ್ಟಿಯಾಗಿ ಬ್ಯಾಂಡೇಜ್ ಸುತ್ತಿ ಬೇಗ ನಡೆಸಿದವರಲ್ಲಿ ಕಸಿ ಹೆಚ್ಚು ಹಾಳಾಗಲಿಲ್ಲ ಅಂತ ಗೊತ್ತಾಯಿತು. ಹಾಸಿಗೆಯಲ್ಲಿ ಬಿದ್ದುಕೊಂಡರೆ ಕಾಲಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ ಇದೆ, ವಯಸ್ಸಾದವರಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಸಣ್ಣ ಕಸಿ, ಮೀನಖಂಡದ ಮೇಲಿನ ಕಸಿ, ಸಿರೆಯ ತೊಂದರೆ ಇಲ್ಲದವರು ಬೇಗ ಏಳುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಆದರೆ ಕಸಿ ಹರಡಿನ ಕೀಲಿನ ಮೇಲೆ ಬಂದಿದ್ದರೆ ಪಾದ ಆಡಿದಂತೆಲ್ಲ ಅದು ಜಾರುತ್ತದೆ. ಅವರಿಗೆ ಪಿಒಪಿ ಸ್ಲ್ಯಾಬ್ (ಅರ್ಧ ಪ್ಲಾಸ್ಟರ್ ಪಟ್ಟಿ) ಹಾಕಿ ಮಲಗಿಸುವುದೇ ಸರಿ. ಮೂಳೆ ಮುರಿದಿದ್ದರೆ, ಕಸಿ ದೊಡ್ಡದಿದ್ದರೆ, ವೆರಿಕೋಸ್ ಹುಣ್ಣಿನ (ಸಿರೆ ಉಬ್ಬಿ ಆದ ಹುಣ್ಣಿನ) ಮೇಲೆ ಹಾಕಿದ್ದರೆ ಲೆಕ್ಕಾಚಾರ ಬೇರೆ. ನಿಮ್ಮದು ಯಾವುದು ಅಂತ ಬರೆದಿಲ್ಲ, ಹಾಗಾಗಿ ದಂಡ ಆಯಿತು ಅನ್ನಲಾರೆ. ಭಾವನ ಕಾಲಿಗೂ ನಿಮ್ಮ ಕಾಲಿಗೂ ಪಂದ್ಯ ಬೇಡ. ಮಲಗಿರಿ ಅಂತ ಹೇಳಿಸಿಕೊಂಡವರೂ ಡಾಕ್ಟರ್ ಬೇಡ ಅನ್ನದಿದ್ದರೆ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ, ಎರಡೂ ಕಾಲಿನದ್ದು. ಎದ್ದ ಮೇಲೂ ಕೆಲವು ವಾರ ಕುಕ್ಕುರುಗಾಲಲ್ಲಿ ಕೂರುವ ಶೌಚಾಲಯ ಬೇಡ. ಮಧ್ಯ ತೂತಿರುವ ಕಮೋಡ್ ಸ್ಟೂಲ್ ಮೆಡಿಕಲ್ ಅಂಗಡಿಯಲ್ಲಿ ಬಾಡಿಗೆಗೂ ಸಿಗುತ್ತದೆ.

ಪ್ರಶ್ನೆ: ಕಸಿ ಮಾಡಿದ ಮೇಲೆ ಐದು ದಿನ ಬ್ಯಾಂಡೇಜ್ ಬಿಚ್ಚಲೇ ಇಲ್ಲ. ಮೂರನೇ ದಿನದಿಂದ ವಾಸನೆ. ಕೇಳಿದರೆ ಸಿಸ್ಟರ್ 'ಏನಾಗಲ್ಲ' ಅಂದರು. ದಿನಾ ಬಿಚ್ಚಿ ತೊಳೆದರೆ ಸ್ವಚ್ಛ ಇರುತ್ತಿತ್ತಲ್ಲವಾ? (ಉಡುಪಿ)

ಉತ್ತರ: ಸ್ವಚ್ಛ ಇರುತ್ತಿತ್ತು, ಕಸಿ ಇರುತ್ತಿರಲಿಲ್ಲ.

ತೊಡೆಯಿಂದ ತೆಗೆದ ಚರ್ಮಕ್ಕೆ ಆ ಕ್ಷಣದಲ್ಲಿ ರಕ್ತ ಸಂಪರ್ಕವೇ ಇಲ್ಲ. ಮೊದಲ ಒಂದೆರಡು ದಿನ ಅದು ಗಾಯದಿಂದ ಒಸರುವ ನೀರನ್ನು ಹೀರಿಕೊಂಡೇ ಜೀವ ಹಿಡಿದಿರುತ್ತದೆ. ಎರಡು ಮೂರನೇ ದಿನಕ್ಕೆ ಗಾಯದ ತಳದ ನಾಳಗಳ ಬಾಯಿ ಕಸಿಯ ನಾಳಗಳ ಬಾಯಿಗೆ ಕೂಡಿಕೊಳ್ಳುತ್ತದೆ. ಆಮೇಲೆ ಹೊಸ ನಾಳಗಳು ಒಳಗೆ ಬೆಳೆಯುತ್ತವೆ, ಐದರಿಂದ ಏಳನೇ ದಿನಕ್ಕೆ ರಕ್ತ ಸರಿಯಾಗಿ ಓಡಾಡುತ್ತದೆ. ಈ ಮಧ್ಯೆ ಕಸಿ ಕಾದ ಹಾಲಿನ ಮೇಲಿನ ಕೆನೆಯಷ್ಟೇ ಗಟ್ಟಿ, ಸ್ವಲ್ಪ ತಾಗಿದರೂ ಮಡಚಿಕೊಂಡು ಸರಿಯುತ್ತದೆ. ಸರಿದರೆ ಕೂಡಿದ ನಾಳಗಳೆಲ್ಲ ಕಿತ್ತವು. ಕಸಿಯನ್ನು ಜಾಲರಿಯಂತೆ ತೂತು ಮಾಡಿ ಹಾಕುವುದು, ಸುತ್ತ ಸ್ಟೇಪಲ್ ಹೊಡೆಯುವುದು, ಮೇಲೆ ದಪ್ಪ ಪ್ಯಾಡ್ ಕಟ್ಟುವುದು, ಕೆಲವರಿಗೆ ಸ್ಪಂಜು ಇಟ್ಟು ವ್ಯಾಕ್ಯೂಮ್ ಮೆಷಿನ್ ಹಾಕುವುದು, ಇದೆಲ್ಲ ಕೆಳಗೆ ನೀರು ರಕ್ತ ನಿಲ್ಲದಿರಲಿ, ಮೇಲಿನದು ಸರಿಯದಿರಲಿ ಅಂತಲೇ.

ಮೊದಲ ಡ್ರೆಸ್ಸಿಂಗ್ ಬಿಚ್ಚುವಾಗ ನೋಡಿದ್ದೀರಾ? ಪ್ಯಾಡ್ ಹಳದಿ ಕಂದು ಬಣ್ಣಕ್ಕೆ ತಿರುಗಿ ಹಲಗೆಯಂತೆ ಒಣಗಿರುತ್ತದೆ. ಸಲೈನ್ ಸುರಿದು ಸುರಿದು ನೆನೆಸಿ, ಒಳಗಿನ ಪ್ಯಾರಫಿನ್ ಬಟ್ಟೆಯನ್ನು ಒಂದು ಮೂಲೆಯಿಂದ ಎತ್ತುತ್ತೇವೆ, ಇನ್ನೊಂದು ಕೈಯ ಫೋರ್ಸೆಪ್ಸಿನಿಂದ ಕಸಿಯನ್ನು ಕೆಳಗೆ ಒತ್ತಿ ಹಿಡಿದುಕೊಂಡೇ. ಕಸಿ ಗುಲಾಬಿ ಬಣ್ಣ ಇದ್ದು, ಬೆರಳಿನಲ್ಲಿ ಒತ್ತಿದರೆ ಬೆಳ್ಳಗಾಗಿ, ಬಿಟ್ಟರೆ ಮತ್ತೆ ಕೆಂಪೇರಿದರೆ ಆವತ್ತು ಆಪರೇಷನ್ ಮಾಡಿದವರಿಗೂ ಸಲೀಸಾಗಿ ನಿದ್ದೆ ಬರುತ್ತದೆ. ಐದು ದಿನದ ಒಸರು ಬಟ್ಟೆಯಲ್ಲಿ ಇಂಗಿದರೆ ಸ್ವಲ್ಪ ವಾಸನೆ ಬಂದೇ ಬರುತ್ತದೆ. ಹೆದರಬೇಕಾದದ್ದು ಬೇರೆ: ಜ್ವರ, ಏರುತ್ತಾ ಹೋಗುವ ನೋವು, ಬ್ಯಾಂಡೇಜಿನ ಹೊರಗೆ ಇಳಿಯುವ ಕೀವು, ಸುತ್ತ ಕೆಂಪಗೆ ಬಿಸಿಯಾಗುವುದು, ಹಸಿರು ಬಣ್ಣದ ಒಸರು. ಇವು ಕಂಡರೆ ಐದನೇ ದಿನದವರೆಗೆ ಕಾಯುವುದಿಲ್ಲ, ಆವತ್ತೇ ಬಿಚ್ಚುತ್ತೇವೆ. ಸ್ಟ್ರೆಪ್ಟೊಕಾಕಸ್ ಅನ್ನುವ ಒಂದು ಜಾತಿಯ ಬ್ಯಾಕ್ಟೀರಿಯಾ ಸೇರಿಕೊಂಡರೆ ಇಡೀ ಕಸಿ ರಾತ್ರೋರಾತ್ರಿ ಕರಗಿ ಹೋಗಬಹುದು.

ಪ್ರಶ್ನೆ: ಬೈಕಿನಿಂದ ಬಿದ್ದು ಕಣಕಾಲಿಗೆ ಗ್ರಾಫ್ಟ್ ಆಗಿದೆ. ಕಾಲು ನೋವೇ ಇಲ್ಲ, ಚರ್ಮ ತೆಗೆದ ತೊಡೆ ಉರಿದು ಸಾಯಿಸುತ್ತಿದೆ. ಅಲ್ಲೇನೋ ತಪ್ಪಾಗಿದೆ ಅನಿಸುತ್ತೆ. ಅದರ ಡ್ರೆಸ್ಸಿಂಗ್ ಅಂಟಿಕೊಂಡು ಕೂತಿದೆ, ಕಿತ್ತು ಹಾಕಿ ಅರಿಶಿನ ಹಚ್ಚಲಾ ಅಂತ ಅಜ್ಜಿ ಕೇಳ್ತಿದ್ದಾರೆ. (ತುಮಕೂರು)

ಉತ್ತರ: ಅಜ್ಜಿಗೆ ನಮಸ್ಕಾರ ಹೇಳಿ, ಅರಿಶಿನ ಅಡುಗೆಮನೆಯಲ್ಲೇ ಇರಲಿ.

ತಪ್ಪೇನೂ ಆಗಿಲ್ಲ. ತೊಡೆಯ ಮೇಲ್ಪದರ ಹೋಗಿ ನರದ ತುದಿಗಳು ಬರಿದಾಗಿವೆ, ಬಿದ್ದು ಮೊಣಕೈ ತರಚಿದಾಗ ಆಗುವ ಉರಿಯೇ, ದೊಡ್ಡ ಪ್ರಮಾಣದಲ್ಲಿ. ಎಲ್ಲರೂ ಹೇಳುವುದು ಇದನ್ನೇ. ಆಪರೇಷನ್ನಿಗೆ ಮೊದಲು ನಾವೇ ಹೇಳಿಬಿಟ್ಟರೆ ಅರ್ಧ ಗಾಬರಿ ತಪ್ಪುತ್ತದೆ. ಅಲ್ಲಿ ಕೂದಲಿನ ಬುಡ, ಬೆವರು ಗ್ರಂಥಿಗಳು ಉಳಿದಿರುತ್ತವಲ್ಲ, ಅವುಗಳಿಂದ ಹೊಸ ಚರ್ಮ ಹಬ್ಬಿ 10ರಿಂದ 14 ದಿನದಲ್ಲಿ ಮುಚ್ಚಿಕೊಳ್ಳುತ್ತದೆ. ಅಂಟಿರುವ ಡ್ರೆಸ್ಸಿಂಗ್ ಅದಕ್ಕೆ ಹೊದಿಕೆ. ಅಂಚು ಎದ್ದಷ್ಟನ್ನು ಕತ್ತರಿಯಲ್ಲಿ ಕತ್ತರಿಸುತ್ತಾ ಹೋಗಿ, ಕೆಳಗೆ ವಾಸಿಯಾದಂತೆ ಅದೇ ಬಿಟ್ಟುಕೊಂಡು ಬರುತ್ತದೆ. ಕಿತ್ತರೆ ಹೊಸ ಚರ್ಮವೂ ಜೊತೆಗೇ ಬರುತ್ತದೆ, ರಕ್ತ ಬೇರೆ. ಮಾತ್ರೆಯನ್ನು ನೋವು ಬಂದಾಗ ನುಂಗುವುದಲ್ಲ, ಹೇಳಿದ ಹೊತ್ತಿಗೆ ನುಂಗಿ. ಡ್ರೆಸ್ಸಿಂಗ್ ಒದ್ದೆಯಾಗಿ ಹಸಿರು ಕಟ್ಟಿದರೆ, ಕಮ್ಮಿಯಾಗಿದ್ದ ನೋವು ಮತ್ತೆ ಏರಿದರೆ ತೋರಿಸಿ. ಆಮೇಲೆ ಅಲ್ಲಿ ಬಣ್ಣ ಬದಲಾದ ಚೌಕಾಕಾರದ ಗುರುತು ಉಳಿಯುತ್ತದೆ, ವರ್ಷ ಕಳೆದಂತೆ ಮಾಸುತ್ತದೆ, ಪೂರ್ತಿ ಹೋಗುವುದಿಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ ಕಾಲಿಗೆ ಚರ್ಮ ಹಾಕಿದ್ದಾರೆ. ಅತ್ತೆ ಮೊಟ್ಟೆ, ಮೀನು, ಬದನೆಕಾಯಿ, ಕಡಲೆಬೀಜ, ಬೇಳೆ ಎಲ್ಲ ನಂಜು ಅಂತ ನಿಲ್ಲಿಸಿದ್ದಾರೆ. ಅನ್ನ, ಮೆಣಸಿನ ಸಾರು, ಬ್ರೆಡ್ಡು ಅಷ್ಟೇ. ಇವರು ಸೊರಗಿ ಹೋಗಿದ್ದಾರೆ. ಎದುರು ಮಾತಾಡೋ ಹಾಗಿಲ್ಲ. (ಚನ್ನರಾಯಪಟ್ಟಣ ಕಡೆ)

ಉತ್ತರ: ಈ ಪುಟವನ್ನೇ ಅತ್ತೆಯವರ ಕೈಗೆ ಕೊಡಿ, ಜಗಳ ನನ್ನ ಮೇಲಿರಲಿ.

ಅಮ್ಮಾ, ನಿಮ್ಮ ಮಗನ ಕಾಲಲ್ಲಿ ಹೊಸ ಚರ್ಮ ಕೂರಬೇಕು, ತೊಡೆಯಲ್ಲಿ ಇನ್ನೊಂದು ಬೆಳೆಯಬೇಕು. ಎರಡಕ್ಕೂ ಬೇಕಾದ ಸಾಮಾನು ಪ್ರೋಟೀನ್. ಗಾಯದವರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕೆ.ಜಿ.ಗೆ 1.25ರಿಂದ 1.5 ಗ್ರಾಂ ಬೇಕು, 60 ಕೆ.ಜಿ. ಇರುವವರಿಗೆ 75ರಿಂದ 90 ಗ್ರಾಂ ಆಯಿತು. ಅನ್ನ ಮೆಣಸಿನ ಸಾರಿನಲ್ಲಿ ಅದರ ಅರ್ಧವೂ ಸಿಗುವುದಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಮ್ಮಿ ಅಷ್ಟೇ, ಒಂದು ಹಿಡಿ ಕಡಲೆಬೀಜದಲ್ಲಿ 7, ನೂರು ಗ್ರಾಂ ಮೀನಿನಲ್ಲಿ 20ರ ಹತ್ತಿರ. ನೀವು ನಿಲ್ಲಿಸಿರುವ ಪಟ್ಟಿಯೇ ನಾನು ಕೊಡಬೇಕಾದ ಔಷಧದ ಪಟ್ಟಿ. ಬೇಳೆ ತಿಂದರೆ ಕೀವಾಗುತ್ತದೆ ಅನ್ನುವುದು ನಿಜವಲ್ಲ. ಕೀವು ಬರುವುದು ಗಾಯದೊಳಗೆ ಹೊಕ್ಕ ಬ್ಯಾಕ್ಟೀರಿಯಾದಿಂದ. ಒಂದು ವಸ್ತು ತಿಂದರೆ ಯಾವತ್ತೂ ಮೈ ತುರಿಸುತ್ತದೆ, ದದ್ದು ಏಳುತ್ತದೆ ಅಂತಿದ್ದರೆ ಅದು ಅಲರ್ಜಿ, ಅದನ್ನು ಬಿಡಿ. ಬದನೆಕಾಯಿ ಬೇಕಾದರೆ ಬಿಟ್ಟುಬಿಡಿ, ಅದರಲ್ಲಿ ಅಂಥ ಪ್ರೋಟೀನೇನೂ ಇಲ್ಲ, ನಿಮ್ಮ ಮಾತೂ ಉಳಿಯಲಿ. ಮೊಟ್ಟೆ, ಬೇಳೆ, ಹುರುಳಿಕಾಳು, ಮೊಳಕೆ ಹೆಸರುಕಾಳಿನ ಉಸ್ಲಿ, ಮೊಸರು, ಮೀನು ನಾಳೆಯಿಂದಲೇ ಶುರುವಾಗಲಿ. ಜೊತೆಗೆ ಒಂದು ಸೀಬೆಹಣ್ಣೋ ನೆಲ್ಲಿಕಾಯಿಯೋ, ವಿಟಮಿನ್ ಸಿ ಇಲ್ಲದೆ ಗಾಯ ಗಟ್ಟಿಯಾಗುವುದಿಲ್ಲ.

ಎರಡು ಎಚ್ಚರಿಕೆ. ಕಿಡ್ನಿ ತೊಂದರೆ ಇರುವವರು ಈ ಲೆಕ್ಕ ಹಿಡಿಯಬಾರದು, ತಮ್ಮ ಡಾಕ್ಟರನ್ನು ಕೇಳಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಗ್ಲೂಕೋಸ್ ಏರಿದ್ದರೆ ಎಷ್ಟು ಪ್ರೋಟೀನ್ ತಿಂದರೂ ಗಾಯ ಮಾಯುವುದು ನಿಧಾನ. ಬ್ರೆಡ್ಡಂತೂ ಅವರಿಗೆ ಪಥ್ಯವೇ ಅಲ್ಲ.

ಪ್ರಶ್ನೆ: ಬೀಡಿ ದಿನಕ್ಕೆ ಎರಡೇ ಸೇದ್ತೀನಿ. ಪರವಾಗಿಲ್ವಾ? (ಊರು ಬರೆದಿಲ್ಲ)

ಉತ್ತರ: ಇಲ್ಲ. ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಮುದುರಿಸುತ್ತದೆ. ಕಸಿ ಬದುಕಿರುವುದೇ ಆ ನಾಳಗಳಿಂದ.

ಪ್ರಶ್ನೆ: ನಾನು ಕುವೈತಿನಲ್ಲಿ ಕೆಲಸದಲ್ಲಿದ್ದೇನೆ. ಊರಲ್ಲಿ ಅಪ್ಪನಿಗೆ ಗದ್ದೆಯಲ್ಲಿ ಹಾವು ಕಚ್ಚಿತು. ಜೀವ ಉಳಿಯಿತು, ಆದರೆ ಪಾದದಿಂದ ಮೊಣಕಾಲಿನ ಹತ್ತಿರದವರೆಗೆ ಚರ್ಮ ಕೊಳೆತು ತೆಗೆಯಬೇಕಾಯಿತು. ಈಗ ಕಸಿ ಮಾಡಬೇಕಂತೆ. ಅಪ್ಪನಿಗೆ 70 ದಾಟಿದೆ, ಅವರ ತೊಡೆಯನ್ನೂ ಗಾಯ ಮಾಡುವುದು ಬೇಡ. ನಾನು ರಜೆ ಹಾಕಿ ಬಂದು ನನ್ನ ಚರ್ಮ ಕೊಡುತ್ತೇನೆ ಅಂದರೆ ಅಲ್ಲಿನ ಡಾಕ್ಟರ್ ನಕ್ಕರು. ನನ್ನ ರಕ್ತದ ಗುಂಪೂ ಅಪ್ಪನದ್ದೇ.

ಉತ್ತರ: ನಗಬಾರದಿತ್ತು. ನಿಮ್ಮ ಪ್ರಶ್ನೆಯನ್ನು ದೊಡ್ಡ ದೊಡ್ಡವರೇ ಕೇಳಿಕೊಂಡಿದ್ದರು.

ಎರಡನೇ ಮಹಾಯುದ್ಧದ ಕಾಲದಲ್ಲಿ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಸುಟ್ಟಗಾಯದ ಒಬ್ಬ ಹೆಂಗಸಿಗೆ ಆಕೆಯ ಅಣ್ಣತಮ್ಮನ ಚರ್ಮದ ಚೂರುಗಳನ್ನು ಹಾಕಿ ನೋಡಿದರು. ಥಾಮಸ್ ಗಿಬ್ಸನ್ ಅನ್ನುವ ಸರ್ಜನ್, ಪೀಟರ್ ಮೆಡಾವರ್ ಅನ್ನುವ ವಿಜ್ಞಾನಿ ಸೇರಿ ಮಾಡಿದ ಕೆಲಸ. ಚರ್ಮ ಮೊದಲು ಹಿಡಿಯಿತು, ಆಮೇಲೆ ಉದುರಿತು. ಅದೇ ಅಣ್ಣತಮ್ಮನ ಚರ್ಮವನ್ನು ಎರಡನೇ ಸಲ ಹಾಕಿದಾಗ ಇನ್ನೂ ಬೇಗ ಉದುರಿತು. ಅಂದರೆ ಮೈ ಪರಕೀಯ ಚರ್ಮವನ್ನು ನೆನಪಿಟ್ಟುಕೊಂಡು ಓಡಿಸುತ್ತಿದೆ ಅಂತ ಆಯಿತು. 1943ರಲ್ಲಿ ಇವರು ಇದನ್ನು ಪ್ರಕಟಿಸಿದರು. ಈ ದಾರಿಯಲ್ಲೇ ಮುಂದೆ ಹೋದ ಮೆಡಾವರ್‌ಗೆ 1960ರಲ್ಲಿ ನೊಬೆಲ್ ಸಿಕ್ಕಿತು. ಕಿಡ್ನಿ ಕಸಿಗೆಲ್ಲ ಅಡಿಪಾಯ ಬಿದ್ದದ್ದು ಹೀಗೆ ಚರ್ಮದಿಂದ. ರಕ್ತದ ಗುಂಪು ಒಂದೇ ಆದರೂ, ಸ್ವಂತ ಮಗನೇ ಆದರೂ, ನಿಮ್ಮ ಚರ್ಮ ಅಪ್ಪನ ಮೈಯಲ್ಲಿ ಕೆಲವು ವಾರಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ. ನಿಲ್ಲುವುದು ತದ್ರೂಪಿ ಅವಳಿಗಳ ನಡುವೆ ಮಾತ್ರ.

ಹಾಗಾದರೆ ಚರ್ಮ ದಾನ ಅಂತಾರಲ್ಲ, ಅದೇನು ಅಂತ ಕೇಳುತ್ತೀರಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸ್ಕಿನ್ ಬ್ಯಾಂಕ್ ಇದೆ. ತೀರಿಕೊಂಡವರ ಚರ್ಮದ ತೆಳು ಪದರವನ್ನು ಆರು ಗಂಟೆಯೊಳಗೆ ತೆಗೆದು ಗ್ಲಿಸರಾಲ್‌ನಲ್ಲಿ ಇಡುತ್ತಾರೆ. ಮೈಯೆಲ್ಲ ಸುಟ್ಟು ತಮ್ಮದೇ ಚರ್ಮ ಉಳಿಯದವರಿಗೆ ಅದು ತಾತ್ಕಾಲಿಕ ಹೊದಿಕೆ, ಜೀವ ಉಳಿಸುವ ಹೊದಿಕೆ. ನಿಮ್ಮ ತಂದೆಗೆ ಅದರ ಅಗತ್ಯ ಕಾಣುವುದಿಲ್ಲ, ಅವರ ತೊಡೆಯೇ ಸಾಕು. ವಯಸ್ಸಾದವರ ಚರ್ಮ ತೆಳ್ಳಗಿರುವುದರಿಂದ ತೊಡೆ ಮಾಯಲು ಕೆಲವು ದಿನ ಜಾಸ್ತಿ ಹಿಡಿಯಬಹುದು, ಅಷ್ಟೇ.

ಅವಸರ ಮಾತ್ರ ಮಾಡಬೇಡಿ. ನಾಗರ, ಮಂಡಲದ ಹಾವಿನ ವಿಷದಿಂದ ಕೊಳೆಯುವ ಜಾಗ ಎಲ್ಲಿಗೆ ನಿಲ್ಲುತ್ತದೆ ಅಂತ ಮೊದಲ ದಿನಗಳಲ್ಲಿ ಗೊತ್ತಾಗುವುದಿಲ್ಲ. ಸತ್ತದ್ದನ್ನೆಲ್ಲ ತೆಗೆದು, ತಳದಲ್ಲಿ ಕೆಂಪಗೆ ಹರಳು ಹರಳಾಗಿ ಆರೋಗ್ಯವಾದ ಮಾಂಸ ತುಂಬಿದ ಮೇಲೆಯೇ ಕಸಿ. ಮೂಳೆಯೋ ಸ್ನಾಯುವಿನ ಹುರಿಯೋ ಮೇಲಿನ ಪೊರೆ ಕಳೆದುಕೊಂಡು ಬರಿದಾಗಿ ಕಾಣುತ್ತಿದ್ದರೆ ಅದರ ಮೇಲೆ ತೆಳು ಕಸಿ ಹಿಡಿಯುವುದಿಲ್ಲ, ರಕ್ತನಾಳ ಸಮೇತ ಮಾಂಸವನ್ನು ತಿರುಗಿಸಿ ಮುಚ್ಚುವ ಫ್ಲ್ಯಾಪ್ ಬೇಕಾಗಬಹುದು. ಇದನ್ನು ಅಲ್ಲಿನ ಡಾಕ್ಟರಿಗೆ ನೇರವಾಗಿ ಕೇಳಿ. ಆ ರಜೆಯನ್ನು ಆಪರೇಷನ್ ದಿನಕ್ಕಲ್ಲ, ಅವರು ಡಿಸ್ಚಾರ್ಜ್ ಆಗಿ ಬರುವ ವಾರಕ್ಕೆ ಇಟ್ಟುಕೊಳ್ಳಿ. ದಿನಾ ಬ್ಯಾಂಡೇಜ್ ಸುತ್ತಲು ಆಗ ಒಬ್ಬರು ಬೇಕು.

ಪ್ರಶ್ನೆ: ಕಸಿ ಆಗಿ ಒಂದೂವರೆ ತಿಂಗಳು. ಎಲ್ಲ ಮುಚ್ಚಿತ್ತು. ಈಗ ಅಲ್ಲಲ್ಲಿ ನೀರು ಗುಳ್ಳೆ ಏಳುತ್ತಿದೆ, ಒಡೆದು ಹಸಿಯಾಗುತ್ತಿದೆ. ಒಂದು ಮೂಲೆಯಲ್ಲಿ ರೂಪಾಯಿ ನಾಣ್ಯದಷ್ಟು ಮೊದಲಿನಿಂದಲೂ ಮುಚ್ಚಿಲ್ಲ. ಇನ್ನೊಂದು ಆಪರೇಷನ್ ಬೇಕಾ? (ಶಿವಮೊಗ್ಗ)

ಉತ್ತರ: ನಾಣ್ಯದಷ್ಟಕ್ಕೆ ಯಾರೂ ಮತ್ತೆ ಥಿಯೇಟರಿಗೆ ಕರೆದೊಯ್ಯುವುದಿಲ್ಲ. ಸುತ್ತಲಿನಿಂದ ಚರ್ಮ ಹಬ್ಬಿಕೊಂಡು ಬರುತ್ತದೆ. ಆ ಜಾಗ ಸುತ್ತಲಿನ ಚರ್ಮಕ್ಕಿಂತ ಮೇಲೆ ಉಬ್ಬಿಕೊಂಡು, ಮುಟ್ಟಿದರೆ ರಕ್ತ ಬರುವಂತಿದ್ದರೆ ಮಾತ್ರ ಮಾಂಸ ಅತಿಯಾಗಿ ಬೆಳೆದಿದೆ ಅಂತ, ಅದನ್ನು ಓಪಿಡಿಯಲ್ಲೇ ಸರಿ ಮಾಡುತ್ತಾರೆ.

ಗುಳ್ಳೆ ಏಳುವುದು ಯಾಕೆ ಅಂದರೆ ಮೇಲ್ಪದರಕ್ಕೂ ಕೆಳಪದರಕ್ಕೂ ಇರಬೇಕಾದ ಬೆಸುಗೆ ಇನ್ನೂ ಪಕ್ಕಾ ಆಗಿಲ್ಲ. ಜೀನ್ಸ್ ಉಜ್ಜಿದರೂ ಸಾಕು, ಸಾಕ್ಸಿನ ಎಲಾಸ್ಟಿಕ್ ಬಿಗಿಯಾದರೂ ಸಾಕು. ಕೆಲವು ತಿಂಗಳು ಹೀಗೆ ಬಂದು ಹೋಗುತ್ತಿರುತ್ತದೆ. ಸಣ್ಣದಾದರೆ ಹಾಗೇ ಬಿಡಿ, ಒಡೆದರೆ ಸೋಪು ನೀರಲ್ಲಿ ಮೆಲ್ಲಗೆ ತೊಳೆದು ಅಂಟದ ಡ್ರೆಸ್ಸಿಂಗ್ ಹಾಕಿ. ಹೈಡ್ರೋಜನ್ ಪೆರಾಕ್ಸೈಡ್, ಡೆಟಾಲ್ ಇವನ್ನು ದಿನಾ ಸುರಿಯಬೇಡಿ, ಹೊಸದಾಗಿ ಹಬ್ಬುತ್ತಿರುವ ಜೀವಕೋಶಗಳನ್ನೂ ಅವು ಸುಡುತ್ತವೆ. ನೊರೆ ಬಂದರೆ ಕೊಳೆ ಹೋಯಿತು ಅನ್ನುವ ನಂಬಿಕೆ ನಮ್ಮಲ್ಲಿ ಯಾಕೋ ಬಲವಾಗಿದೆ. ಗುಳ್ಳೆಗಳು ಹರಡಿನ ಒಳಬದಿಯಲ್ಲೇ ಮತ್ತೆ ಮತ್ತೆ ಬರುತ್ತಿದ್ದು, ಕಾಲಲ್ಲಿ ಉಬ್ಬಿದ ನರ ಕಾಣುತ್ತಿದ್ದರೆ ಸಿರೆಗಳ ಡಾಪ್ಲರ್ ಸ್ಕ್ಯಾನ್ (ರಕ್ತದ ಓಡಾಟ ತೋರಿಸುವ ಸ್ಕ್ಯಾನ್) ಮಾಡಿಸಿ. ಸಿರೆಯ ತೊಂದರೆ ಹಾಗೇ ಇಟ್ಟುಕೊಂಡು ಮೇಲೆ ಎಷ್ಟು ಚರ್ಮ ಹಾಕಿದರೂ ನಿಲ್ಲುವುದಿಲ್ಲ.

ಪ್ರಶ್ನೆ: ನಾನು ಡಿಗ್ರಿ ಓದುತ್ತಿದ್ದೇನೆ. ಕಸಿ ಮಾಡಿದ ಜಾಗ ಕಪ್ಪಾಗಿ, ಬಲೆಯ ಗುರುತು ಇದ್ದು, ಪಕ್ಕದ ಚರ್ಮಕ್ಕಿಂತ ತಗ್ಗಾಗಿದೆ. ರಾತ್ರಿ ತುರಿಕೆ ತಡೆಯಲಾಗುವುದಿಲ್ಲ. ಮುಟ್ಟಿದರೆ ಗೊತ್ತಾಗುವುದೂ ಇಲ್ಲ. ಇದು ಯಾವಾಗ ನಾರ್ಮಲ್ ಆಗುತ್ತೆ ಮೇಡಂ? (ಧಾರವಾಡ)

ಉತ್ತರ: ಸುಳ್ಳು ಭರವಸೆ ಕೊಡುವುದಿಲ್ಲ. ಬಲೆಯ ಗುರುತು ಮಾಸುತ್ತದೆ, ಪೂರ್ತಿ ಅಳಿಯುವುದಿಲ್ಲ. ತಗ್ಗೂ ಸ್ವಲ್ಪ ಉಳಿಯುತ್ತದೆ, ಯಾಕೆಂದರೆ ಕೆಳಗಿನ ಕೊಬ್ಬು ಹೋಗಿದೆ, ನಾವು ಹಾಕಿದ್ದು ಚರ್ಮ ಮಾತ್ರ. ಬಣ್ಣ ಮಾತ್ರ ನಿಮ್ಮ ಕೈಯಲ್ಲಿದೆ: ಮೊದಲ ವರ್ಷ ಬಿಸಿಲು ತಾಗದಂತೆ ನೋಡಿಕೊಂಡರೆ ಕಪ್ಪಾಗುವುದು ಕಮ್ಮಿ. ಮೈ ಮುಚ್ಚುವ ಬಟ್ಟೆ ಎಲ್ಲಕ್ಕಿಂತ ಒಳ್ಳೆಯದು, ಇಲ್ಲವಾದರೆ ಸನ್‌ಸ್ಕ್ರೀನ್.

ತುರಿಕೆಗೆ ಮುಖ್ಯ ಕಾರಣ ಒಣಗುವುದು. ತೆಳು ಕಸಿಯ ಜೊತೆ ಎಣ್ಣೆ ಗ್ರಂಥಿ, ಬೆವರು ಗ್ರಂಥಿ ಬರುವುದಿಲ್ಲ, ಆ ಚರ್ಮ ತನಗೆ ತಾನೇ ಪಸೆ ಮಾಡಿಕೊಳ್ಳಲಾರದು. ದಿನಕ್ಕೆ ಮೂರ್ನಾಲ್ಕು ಸಲ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಚ್ಚಿ, ಮಾಯಿದ ಜಾಗಕ್ಕೆ ಮಾತ್ರ. ದುಬಾರಿ ಕ್ರೀಮಿನ ಅಗತ್ಯವಿಲ್ಲ. ಹಚ್ಚುವಾಗ ಬೆರಳಿನಿಂದ ಒತ್ತಿ ನಿಧಾನವಾಗಿ ಸುತ್ತಿಸಿ, ಬಿರುಸಾಗಿ ಉಜ್ಜಬೇಡಿ. ತುರಿಸುವ ಬದಲು ಅಂಗೈಯಿಂದ ತಟ್ಟಿ. ಉಗುರು ಕತ್ತರಿಸಿಕೊಳ್ಳಿ, ನಿದ್ದೆಯಲ್ಲಿ ತುರಿಸಿಕೊಂಡು ಬೆಳಗ್ಗೆ ರಕ್ತ ಮಾಡಿಕೊಂಡು ಬರುವವರು ಬಹಳ ಜನ. ಅಳತೆ ಕೊಟ್ಟು ಹೊಲಿಸುವ ಬಿಗಿ ಸ್ಟಾಕಿಂಗ್ಸ್ ಹಾಕಿದರೆ ತುರಿಕೆಯೂ ಇಳಿಯುತ್ತದೆ, ಕಲೆಯೂ ಉಬ್ಬುವುದಿಲ್ಲ. ತಡೆಯಲಾಗದಿದ್ದರೆ ಮಾತ್ರೆ ಇದೆ, ಕೇಳಿ.

ಸ್ಪರ್ಶ ಅಂಚಿನಿಂದ ಒಳಗೆ ಬರುತ್ತದೆ, ತಿಂಗಳುಗಟ್ಟಲೆ ಹಿಡಿಯುತ್ತದೆ, ವರ್ಷ ಎರಡು ವರ್ಷದ ಮೇಲೂ ಮೊದಲಿನಷ್ಟು ಆಗುವುದಿಲ್ಲ. ಅಲ್ಲಿಯವರೆಗೆ ಬಿಸಿ ನೀರಿನ ಚೀಲ, ಸ್ಕೂಟರಿನ ಸೈಲೆನ್ಸರ್, ಬಚ್ಚಲ ಒಲೆಯ ಕೆಂಡ ಇವುಗಳಿಂದ ಕಾಲು ದೂರ ಇರಲಿ. ಸುಟ್ಟರೂ ನಿಮಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಹೈಸ್ಕೂಲ್ ಮೇಷ್ಟ್ರು ನಾನು. ಕಸಿ ಆಗಿ ಎರಡು ತಿಂಗಳು, ಎಲ್ಲ ವಾಸಿ. ದಿನಕ್ಕೆ ಐದು ಪೀರಿಯಡ್ ನಿಂತೇ ಪಾಠ. ಸಂಜೆಗೆ ಕಾಲು ಊದಿ ಭಾರ. ಹೀಗೇ ಇರುತ್ತಾ? (ರಾಯಚೂರು)

ಉತ್ತರ: ಹಲವು ತಿಂಗಳು ಇರುತ್ತದೆ ಮೇಷ್ಟ್ರೇ. ನಿಂತೇ ಇರಬೇಡಿ, ಬೆಂಚುಗಳ ಮಧ್ಯೆ ಓಡಾಡುತ್ತಾ ಪಾಠ ಮಾಡಿ, ಹಿಂದಿನ ಬೆಂಚಿನವರೂ ಎಚ್ಚರವಾಗಿರುತ್ತಾರೆ. ಬೋರ್ಡಿನ ಮುಂದೆ ನಿಲ್ಲಲೇಬೇಕಾದಾಗ ಹಿಮ್ಮಡಿ ಎತ್ತಿ ಇಳಿಸುತ್ತಿರಿ. ಕ್ರೇಪ್ ಬದಲು ಈಗ ಮೊಣಕಾಲುದ್ದದ ಕಂಪ್ರೆಷನ್ ಸ್ಟಾಕಿಂಗ್ಸ್‌ಗೆ ಬದಲಾಯಿಸಬಹುದು, ಪಾದದ ನಾಡಿ ನೋಡಿಸಿಕೊಂಡು, ಬೆಳಗ್ಗೆ ಊತ ಇಲ್ಲದಾಗ ಅಳತೆ ಕೊಟ್ಟು ತನ್ನಿ. ಬಿಡುವಿನ ಪೀರಿಯಡ್ಡಿನಲ್ಲಿ ಸ್ಟಾಫ್ ರೂಮಿನ ಇನ್ನೊಂದು ಕುರ್ಚಿ ಎಳೆದು ಕಾಲು ಮೇಲಿಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಊತ ಒಂದೇ ಕಾಲಿನಲ್ಲಿ ಇದ್ದಕ್ಕಿದ್ದಂತೆ ಜಾಸ್ತಿಯಾಗಿ ಮೀನಖಂಡ ನೋಯತೊಡಗಿದರೆ ಅದು ನಿಂತು ಆದ ಊತ ಅಲ್ಲದಿರಬಹುದು, ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆವತ್ತೇ ಆಸ್ಪತ್ರೆಗೆ ಹೋಗಿ. ಉಸಿರೂ ಕಟ್ಟಿದರೆ ಒಂದು ನಿಮಿಷವೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ.